ತುಂಬಿಲ್ಲದ ಹತ್ತು ಮೆಣಸಿನಕಾಯಿ

ಶ್ವೇತಾ ಎರಡು ದಿನ ಕೂತು ಬರೆದಿದ್ದ ಪಾಠ ಯೋಜನೆಯ ಪುಸ್ತಕದ ಮೇಲೆ ಪ್ರೇಮವ್ವ ರೊಟ್ಟಿ ಬುಟ್ಟಿ ಇಟ್ಟಿದ್ದಳು. ಬಿಸಿ ರೊಟ್ಟಿಯ ಹಬೆಗೆ ಹೊದಿಕೆಯ ಕಾಗದ ಸುಕ್ಕಾಗಿ, ಒಳಗಿನ ನೀಲಿ ಶಾಯಿ ಅಲ್ಲಲ್ಲಿ ಹರಡಿತ್ತು.

"ಅತ್ತಿ, ಇದರ ಮ್ಯಾಲೆ ಯಾಕ ಇಟ್ರಿ? ಇವತ್ತ ಟೀಚರಿಗೆ ತೋರಸಬೇಕ್ರಿ ಇದನ್ನ!"

"ಒಲಿ ಮುಂದ ಪುಸ್ತಕ ಇಟ್ಟಾಕಿ ನೀನು. ಒಲಿ ಮುಂದಿನ ಜಾಗ ರೊಟ್ಟಿ ಬುಟ್ಟೀದು."

"ಹಿಟ್ಟ ನಾದಕೋತ ಓದಾಕತ್ತಿದ್ನಿರಿ."

"ಅದಕ್ಕ ಹಿಟ್ಟೂ ಸರಿ ಆಗಲಿಲ್ಲ, ಓದೂ ಸರಿ ಆಗಲಿಲ್ಲ" ಎಂದ ಪ್ರೇಮವ್ವನಿಗೆ ಮುಂದಿನ ಮಾತು ಆಡಲಾಗಲಿಲ್ಲ. ಕೆಮ್ಮು ಬಂತು. ಒಂದು ಸಲ ಶುರುವಾದರೆ ಅದು ಆಕೆಯನ್ನು ಗೋಡೆ ಹಿಡಿದು ನಿಲ್ಲಿಸಿಯೇ ಬಿಡುತ್ತಿತ್ತು.

ಎರಡು ಸಾವಿರದ ಐದನೇ ಇಸವಿ, ಸಂಕ್ರಮಣ ಮುಗಿದ ವಾರ. ಬ್ಯಾಡಗಿಯಲ್ಲಿ ಆ ದಿನಗಳಲ್ಲಿ ಕೆಮ್ಮದ ಮನೆ ಇರುವುದಿಲ್ಲ. ಪ್ರೇಮವ್ವನ ಮನೆಯ ಪಡಸಾಲೆಯಲ್ಲಂತೂ ಬಾಗಿಲಿನಿಂದ ದೇವರ ಕೋಣೆಯವರೆಗೆ ಮೆಣಸಿನಕಾಯಿ ರಾಶಿ. ಆಕೆಯ ಗಂಡ ವಿರೂಪಾಕ್ಷಪ್ಪ ದಲಾಲಿ ಅಂಗಡಿಯೊಂದರಲ್ಲಿ ತೂಕ ನೋಡುವವನು. ಅಲ್ಲಿಂದ ಬರುವ ಚೀಲಗಳನ್ನು ಸುರುವಿಕೊಂಡು, ಕಾಯಿಯ ತೊಟ್ಟು ಮುರಿದು ಮತ್ತೆ ತುಂಬಿ ಕಳಿಸುವುದು ಮನೆಯ ಹೆಂಗಸರ ಕೆಲಸ. ತುಂಬು ಬಿಡಿಸುವುದು ಅಂತಾರೆ ಅದಕ್ಕೆ. ಪ್ರೇಮವ್ವ ಇಪ್ಪತ್ತೆಂಟು ವರ್ಷದಿಂದ ಬಿಡಿಸುತ್ತಿದ್ದಳು. ದೀಪಾವಳಿ ಹೊತ್ತಿಗೆ ರಾಣೇಬೆನ್ನೂರಿನ ಡಾಕ್ಟರು, ಈ ಘಾಟಿನಿಂದ ದೂರ ಇರಬೇಕು ಅಂದಿದ್ದರು. "ಘಾಟು ಬಿಟ್ಟು ಎಲ್ಲಿ ಹೋಗ್ಲಿ? ಬ್ಯಾಡಗಿ ಬಿಟ್ಟು ಹೋಗ್ಲೇನು?" ಎಂದು ಕೇಳಿ ಆಕೆ ಎದ್ದು ಬಂದಿದ್ದಳು.

ಸೊಸೆ ಬಂದರೆ ರಾಶಿಯ ಮುಂದೆ ತನ್ನ ಜಾಗದಲ್ಲಿ ಕೂರುತ್ತಾಳೆ ಎಂಬುದು ಆಕೆಯ ಲೆಕ್ಕ. ಆದರೆ ಬಂದ ಸೊಸೆ ರಾಣೇಬೆನ್ನೂರಿನಲ್ಲಿ ನರ್ಸರಿ ಟೀಚರ್ ತರಬೇತಿಗೆ ಸೇರಿದಳು. ವಿರೂಪಾಕ್ಷಪ್ಪ ಮದುವೆ ಮಾತುಕತೆಯಲ್ಲೇ ಹೂಂ ಅಂದುಬಿಟ್ಟಿದ್ದ. ಶನಿವಾರ ರಾಣೇಬೆನ್ನೂರು, ಉಳಿದ ದಿನ ಹಾವೇರಿಯ ಒಂದು ಶಿಶುವಿಹಾರದಲ್ಲಿ ಪಾಠದ ಅಭ್ಯಾಸ. ಶ್ವೇತಾ ಬಸ್ಸು ಹತ್ತಿದ ಮೇಲೆ ರಾಶಿಯ ಮುಂದೆ ಕೂರುವುದು ಪ್ರೇಮವ್ವನೇ. ಇದು ಶ್ವೇತಾಳಿಗೂ ಗೊತ್ತಿತ್ತು. ಮೋಟೆಬೆನ್ನೂರು ದಾಟುವವರೆಗೂ ಆ ಕೆಮ್ಮು ಕಿವಿಯಲ್ಲೇ ಇರುತ್ತಿತ್ತು.

"ಯುಗಾದಿ ತನಕ ನೋಡ್ತೇನಿ. ಪಾಸಾದ್ರ ಪಾಸು. ಇಲ್ಲಾಂದ್ರ ಆ ಪುಸ್ತಕ ಅಟ್ಟದ ಮ್ಯಾಲೆ, ನೀ ರಾಶಿ ಮುಂದ" ಎಂದಳು ಪ್ರೇಮವ್ವ, ಉಸಿರು ತಿರುಗಿದ ಮೇಲೆ.

ರುದ್ರಮುನಿ ಅವ್ವನ ಕಡೆಯೂ ನೋಡಲಿಲ್ಲ, ಹೆಂಡತಿಯ ಕಡೆಯೂ ನೋಡಲಿಲ್ಲ. ರೊಟ್ಟಿಗೆ ಶೇಂಗಾ ಚಟ್ನಿ ಸವರಿಕೊಂಡು ತಿಂದು, ಕೋಲ್ಡ್ ಸ್ಟೋರೇಜಿಗೆ ಚೀಲ ಹೊರುವ ತನ್ನ ಟೆಂಪೋ ಹತ್ತಿ ಹೋದ. ಅವನಿಗೆ ಜಗಳ ಕಂಡರೆ ಟೆಂಪೋ ನೆನಪಾಗುತ್ತಿತ್ತು.

ಶಿಶುವಿಹಾರದ ರಮಜಾನಬಿ ಟೀಚರು ಇಪ್ಪತ್ತಾರು ವರ್ಷದಿಂದ ನಾಲ್ಕು ವರ್ಷದ ಮಕ್ಕಳ ಜೊತೆಗೇ ಇದ್ದವರು. ದೊಡ್ಡವರ ಜೊತೆ ಹೆಚ್ಚು ಮಾತಾಡುವ ರೂಢಿಯೇ ತಪ್ಪಿಹೋಗಿತ್ತು. ಶಾಯಿ ಹರಡಿದ ಪುಸ್ತಕವನ್ನು ಅವರು ಕನ್ನಡಕದ ಮೇಲಿಂದ ನೋಡಿದರು, ಕೆಳಗಿನಿಂದ ನೋಡಿದರು.

ಪುಟದಲ್ಲಿ ಎರಡು ಕಾಲಂ. ಎಡಕ್ಕೆ 'ಶಿಕ್ಷಕಿ ಏನು ಮಾಡುವಳು', ಬಲಕ್ಕೆ 'ಮಕ್ಕಳು ಏನು ಮಾಡುವರು'. ಎಡಗಡೆ ತುಂಬಿ ತುಳುಕುತ್ತಿತ್ತು. ಬಲಗಡೆ ಮೇಲಿನಿಂದ ಕೆಳಗಿನವರೆಗೆ ಮೂರೇ ಮಾತು. ಮಕ್ಕಳು ಗಮನವಿಟ್ಟು ನೋಡುವರು. ಮಕ್ಕಳು ಕೇಳುವರು. ಮಕ್ಕಳು ಉತ್ತರಿಸುವರು.

"ಇದು ಯಾರ ಪುಸ್ತಕ ನೋಡಿ ಇಳಿಸಿದ್ದು?"

ಶ್ವೇತಾಳ ಮುಖ ಬಿಸಿಯಾಯಿತು. ಹೋದ ವರ್ಷ ಪಾಸಾದ ಹುಡುಗಿಯೊಬ್ಬಳ ಪುಸ್ತಕ ಅದು. ಎಲ್ಲರೂ ಹಾಗೇ ಮಾಡುತ್ತಿದ್ದರು.

"ಎಡಗಡಿ ಯಾರ ಬೇಕಾದ್ರೂ ಬರೀತಾರವಾ. ಬಲಗಡಿ ಬರಿಯಾಕ ಕೂಸು ಕಂಡಿರಬೇಕು. ಈ ಕೋಣ್ಯಾಗ ಹದಿನಾಲ್ಕು ಮಕ್ಕಳದಾವು. ಗಮನ ಇಟ್ಟು ನೋಡೂದು ಒಂದನರ ಐತೇನು ಹೇಳು?"

ಅಷ್ಟರಲ್ಲೇ ಒಂದು ಮಗು ಇನ್ನೊಂದರ ಜಡೆಗೆ ಚಾಕ್‌ಪೀಸು ತುರುಕುತ್ತಿತ್ತು. 

"ಎರಡ ಪಾಠ ಆತು, ಎರಡೂ ನೆಟ್ಟಗಾಗಲಿಲ್ಲ. ಮೂರನೇದು ಒಂದರಿಂದ ಹತ್ತು. ಕೈಯಾಗ ಹಿಡಿಯೂ ಸಾಮಾನು ತಂದು ಎಣಿಸಬೇಕು. ಇದು ಸರಿ ಹೋದ್ರ ಸಹಿ ಹಾಕ್ತೀನಿ. ನನ್ನ ಸಹಿ ಇಲ್ದ ರಾಣೇಬೆನ್ನೂರಾಗ ಪರೀಕ್ಷಾಕ್ಕ ಕೂಡ್ರಸೂದಿಲ್ಲ, ಗೊತ್ತಲ್ಲ?"

ಗೊತ್ತಿತ್ತು. ಗೊತ್ತಿದ್ದರಿಂದಲೇ ಆ ವಾರ ಶ್ವೇತಾಳಿಗೆ ಅನ್ನ ಸೇರಲಿಲ್ಲ. ಮಣಿ ತರಲೇ, ಗೋಲಿ ತರಲೇ ಎಂದು ಯೋಚಿಸಿ ಯೋಚಿಸಿ, ಕೊನೆಗೆ ಹೊರಡುವ ಹೊತ್ತಿಗೆ ಕಣ್ಣ ಮುಂದೆ ಬಿದ್ದದ್ದು ಪಡಸಾಲೆಯ ರಾಶಿ. ಕೆಂಪಗೆ, ಉಬ್ಬಿಕೊಂಡ, ನೆರಿಗೆ ಬಿದ್ದ ಡಬ್ಬಿ ಜಾತಿಯ ಕಾಯಿ. ಬಣ್ಣ ನೋಡಿದರೆ ಮಕ್ಕಳು ಕಣ್ಣು ಕೀಳುವುದಿಲ್ಲ! ಖಾರದ ವಿಚಾರ ತಲೆಗೆ ಬರಲೇ ಇಲ್ಲ. ಬ್ಯಾಡಗಿಯವರಿಗೆ ಅದು ಬರುವುದೂ ಇಲ್ಲ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರಿಗೆ ಬಂದವರಿಗೆಲ್ಲ ಹೇಳಿ ಹೇಳಿ, ಖಾರವೇ ಇಲ್ಲ ಎಂದು ತಾವೇ ನಂಬಿಬಿಟ್ಟಿರುತ್ತಾರೆ. ಹತ್ತು ಚೆಂದದ ಕಾಯಿ ಆರಿಸಿ ಚೀಲಕ್ಕೆ ಹಾಕಿಕೊಂಡಳು.

ಪಾಠ ಮೊದಲು ಚೆನ್ನಾಗಿಯೇ ನಡೆಯಿತು. "ಒಂದ ಕೆಂಪು, ಎರಡ ಕೆಂಪು" ಎಂದು ಹದಿನಾಲ್ಕು ಬಾಯಿ ಕೂಗಿದವು. ರಮಜಾನಬಿ ಮೂಲೆಯಲ್ಲಿ ಕೂತು ತಲೆದೂಗಿದಂತೆಯೂ ಕಂಡಿತು. ಧೈರ್ಯ ಬಂದ ಶ್ವೇತಾ ಕಾಯಿಗಳನ್ನು ಮಕ್ಕಳ ಕೈಗೆ ಕೊಟ್ಟಳು.

ಆಮೇಲೆ ಆದದ್ದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಶ್ರೀದೇವಿ ಎಂಬ ಸಣ್ಣ ಹುಡುಗಿ ಕಾಯಿಯನ್ನು ಗಿಲಕಿಯಂತೆ ಅಲ್ಲಾಡಿಸಿದಳು. ಬೀಜ ಅಂಗೈಗೆ ಉದುರಿತು. ಆ ಕೈಯಿಂದಲೇ ಕಣ್ಣು ತಿಕ್ಕಿಕೊಂಡಳು. ಅವಳ ಚೀರಾಟಕ್ಕೆ ಪಕ್ಕದವನು ಹೆದರಿ ತಾನೂ ಕಣ್ಣು ತಿಕ್ಕಿಕೊಂಡ. ಶ್ವೇತಾ ಓಡಿ ಹೋಗಿ ಶ್ರೀದೇವಿಯನ್ನು ಎತ್ತಿಕೊಂಡು, ಅದೇ ಕೈಯಿಂದ ಅವಳ ಮುಖ ಒರೆಸಿದಳು. ಚೀರಾಟ ಎರಡರಷ್ಟಾಯಿತು.

"ಮುಟ್ಟಬ್ಯಾಡ! ನೀ ಮುಟ್ಟಬ್ಯಾಡ ಅದನ್ನ!" ಎಂದು ರಮಜಾನಬಿ ಮಗುವನ್ನು ಕಸಿದುಕೊಂಡು ನೀರಿನ ಕಡೆಗೆ ಓಡಿದರು.

ಮಧ್ಯಾಹ್ನ ಶ್ರೀದೇವಿಯ ಅಪ್ಪ ಸುನೀಲಕುಮಾರ ತನ್ನ ಗೊಬ್ಬರದ ಅಂಗಡಿ ಬಿಟ್ಟು ಬಂದ. ಕೂಗಾಡಿದ್ದರೆ ಶ್ವೇತಾ ತಡೆದುಕೊಳ್ಳುತ್ತಿದ್ದಳೇನೋ. ಅವನು ಕೂಗಾಡಲಿಲ್ಲ.

"ನೀವ್ ಬ್ಯಾಡಗ್ಯಾವ್ರ?" ಎಂದಷ್ಟೇ ಕೇಳಿದ. "ಹೂಂ" ಎಂದಳು. "ಮಕ್ಕಳಿಲ್ಲೇನ್ರಿ ನಿಮ್ಮೂರಾಗ?" ಎಂದು ಮಗಳನ್ನು ಹೆಗಲಿಗೆ ಹಾಕಿಕೊಂಡು ಹೋದ.

ಮರುದಿನ ಶ್ರೀದೇವಿ ಬಂದಳು, ಆದರೆ ಶ್ವೇತಾಳನ್ನು ಕಂಡೊಡನೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೊಸ್ತಿಲಲ್ಲೇ ನಿಂತಳು. ಒಳಗೆ ಬರಲೊಲ್ಲಳು. ಮೂರನೆಯ ದಿನವೂ ಅಷ್ಟೇ.

"ಕಡೀ ಅವಕಾಶ" ಎಂದರು ರಮಜಾನಬಿ. "ಮುಂದಿನ ವಾರ ಬಿಟ್ಟು ಆಚಿ ಶುಕ್ರವಾರ. ಅದೇ ಒಂದರಿಂದ ಹತ್ತು. ಹದಿನಾಲ್ಕೂ ಮಕ್ಕಳು ಕೂತಿರಬೇಕು. ಶ್ರೀದೇವಿ ಹೊಸ್ತಲದಾಗ ನಿಂತ್ರ ನಾ ಸಹಿ ಮಾಡಂಗಿಲ್ಲ. ನಿನ್ನ ಮ್ಯಾಲೆ ಸಿಟ್ಟಿಲ್ಲ ನನಗ. ಖರೇ ಹೇಳ್ತೀನಿ, ಕೂಸು ಹೆದರೂ ಟೀಚರ್ ಆಗಿ ಏನ್ ಮಾಡ್ತಿ?"

ಮನೆಯಲ್ಲಿ ಶ್ವೇತಾ ನಾಲ್ಕು ದಿನ ಬಾಯಿ ಬಿಡಲಿಲ್ಲ. ಐದನೆಯ ದಿನ ಊಟಕ್ಕೆ ಕೂತಾಗ ಪುಂಡಿಪಲ್ಯದ ಬಟ್ಟಲಿಗೆ ಅವಳ ಕಣ್ಣೀರು ಬಿತ್ತು. ಖಾರದ ಮನೆಯಲ್ಲಿ ಕಣ್ಣೀರನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಆದರೆ ಈ ಕಣ್ಣೀರು ನಿಲ್ಲಲೇ ಇಲ್ಲ. ವಿರೂಪಾಕ್ಷಪ್ಪ ಮೆಲ್ಲಗೆ ಕೇಳಿದ. ಎಲ್ಲ ಹೊರಗೆ ಬಂತು.

ಪ್ರೇಮವ್ವ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ಯಾವ ಕಾಯಿ ಒಯ್ದಿದ್ದಿ?"

"ಡಬ್ಬಿ ರೀ."

"ಅದಲ್ಲ ನಾ ಕೇಳೂದು. ತುಂಬು ಇದ್ದದ್ದೋ, ಬಿಡಿಸಿದ್ದೋ?"

ಶ್ವೇತಾ ಆ ಕ್ಷಣದವರೆಗೂ ಅದನ್ನು ಯೋಚಿಸಿರಲಿಲ್ಲ. "ಬಿಡಿಸಿದ್ದರಿ. ಈ ಕಡೀ ರಾಶ್ಯಾಗಿಂದು."

"ಅಯ್ಯ ನನ ಶಿವನ! ಹೊಟ್ಟಿ ತೆರದ ಕಾಯಿ ಕೂಸಿನ ಕೈಯಾಗ ಕೊಟ್ಯಾ? ತುಂಬು ಇದ್ರ ಬೀಜ ಒಳಗ ಇರ್ತಿತ್ತು. ಖಾರ ಇರೂದ ಬೀಜದಾಗ ಅಂತ ನಿನ್ನ ಪುಸ್ತಕದಾಗ ಬರದಿಲ್ಲೇನು?"

"ಬಿಡ ಯವ್ವಾ, ಆಗಿದ್ದು ಆತು" ಎಂದ ರುದ್ರಮುನಿ.

"ನೀ ಸುಮ್ನಿರು. ನಿನ್ನ ಕಣ್ಣ ಹೋಗಿದ್ವು ಆವಾಗ, ನಿನಗೇನ್ ನೆನಪೈತಿ?"

ಯಾರಿಗೂ ಗೊತ್ತಿರದ ಮಾತು ಅದು. ಪ್ರೇಮವ್ವ ಗೋಡೆ ನೋಡಿಕೊಂಡು ಹೇಳಿದಳು. ರುದ್ರಮುನಿ ಎಂಟು ತಿಂಗಳ ಕೂಸಾಗಿದ್ದಾಗ ಅವನನ್ನು ಮಾರುಕಟ್ಟೆಯಲ್ಲಿ ಚೀಲದ ತೊಟ್ಟಿಲಿಗೆ ಹಾಕಿ ಆಕೆ ತುಂಬು ಬಿಡಿಸುತ್ತಿದ್ದಳು. ಅತ್ತನೆಂದು ಎತ್ತಿಕೊಂಡಳು, ಕಣ್ಣು ಒರೆಸಿದಳು. ಸಂಜೆಯವರೆಗೂ ಕೂಸು ಕಣ್ಣು ಬಿಡಲಿಲ್ಲ. ಕುರುಡಾದ ಅಂತಲೇ ತಿಳಿದಳು. ಆಮೇಲೆ ಮೂರು ದಿನ ಕೂಸು ಅವಳ ಎದೆಗೆ ಬರಲೊಲ್ಲದು. ಕೈ ಕಂಡರೆ ಮುಖ ತಿರುಗಿಸುತ್ತಿತ್ತು.

"ಹೆತ್ತಾಕಿ ಕೈಗೇ ಹೆದರಿತ್ತದು" ಎಂದಳು. ಇಷ್ಟು ವರ್ಷ ಆಕೆಯ ಎದೆಯಲ್ಲಿ ಘಾಟಿನ ಜೊತೆ ಇದೂ ಕೂತಿತ್ತು.

ರುದ್ರಮುನಿ ತಟ್ಟೆ ನೋಡುತ್ತ ಕೂತ. ಅವತ್ತು ಅವನಿಗೆ ಟೆಂಪೋ ನೆನಪಾಗಲಿಲ್ಲ.

"ಆಮ್ಯಾಲೆ ಕೂಸು ಹೆಂಗ ಬಂತ್ರಿ ನಿಮ್ಮ ಹತ್ರ?" ಎಂದಳು ಶ್ವೇತಾ.

"ಹೆದರಿದ ಕೂಸಿನ ಕೈ ಹಿಡಿಯಾಕ ಹೋಗಬಾರದು. ನಮ್ಮ ಕೈ ಅದಕ್ಕ ಕೊಟ್ಟು ಸುಮ್ನ ಕುಂದ್ರಬೇಕು. ಮೂಸ್ತೈತಿ, ಚೀಪತೈತಿ, ಆಮ್ಯಾಲೆ ತಾನ ಬರ್ತೈತಿ. ಆದ್ರ ಕೈಯಾಗ ಘಾಟ ಇರಬಾರದು. ಮದ್ಲ ಎಣ್ಣಿ ಹಚ್ಚಬೇಕು, ಆಮ್ಯಾಲೆ ಸಬಕಾರ. ಬರೇ ನೀರಿಗೆ ಖಾರ ಹೋಗೂದಿಲ್ಲ." ಆಮೇಲೆ ಹೇಳಿದಳು: "ನೀ ಶುಕ್ರವಾರದ ತನಕ ರಾಶಿ ಮುಟ್ಟಬ್ಯಾಡ."

ಇದು ಕರುಣೆಯೋ ಜಿದ್ದೋ ಶ್ವೇತಾಳಿಗೆ ತಿಳಿಯಲಿಲ್ಲ. ತನ್ನ ಪಾಲಿನ ಸಂಜೆ ಕೆಲಸವೂ ಈ ಕೆಮ್ಮುವ ಜೀವದ ಮೇಲೆ ಬಿತ್ತಲ್ಲ ಎಂದುಕೊಂಡಳು.

ಮರುದಿನ ಸಂಜೆಯಿಂದ ಹೊಸ ರೂಢಿ ಶುರುವಾಯಿತು. ಶ್ವೇತಾ ಅಡುಗೆಮನೆಯ ಹೊಸ್ತಿಲ ಈಚೆ ಪುಸ್ತಕ ಹಿಡಿದು ಕೂರುವಳು, ಪ್ರೇಮವ್ವ ಆಚೆ ರಾಶಿಯ ಮುಂದೆ. ಅಕ್ಷರ ಕಲಿಯದ ಪ್ರೇಮವ್ವ ಬಲಗಡೆಯ ಕಾಲಮ್ಮಿನ ಯಜಮಾನಿಯಾದಳು.

"ಹತ್ತು ಶೇಂಗಾ ಕಾಳು ಕೊಡ್ತೇನಿ. ಮಕ್ಕಳು ಎಣಿಸ್ತಾರ."

"ಎಣಸೂದಿಲ್ಲ. ಮೂಗಿನಾಗ ತುರಕ್ತಾವು."

"ಬಳೀ ಕೊಟ್ರ?"

"ಒಡಕೊಂತಾವು."

"ಹಂಗಾದ್ರ ಬೋರ್ಡಿನ ಮ್ಯಾಲೆ ಚಿತ್ರ ಬರೀತೇನಿ. ಅರ್ಧ ತಾಸು ಕುಂತು..."

"ಅರ್ಧ ತಾಸು ನೀ ಕುಂದರ್ತಿ ಏನು, ಮಕ್ಕಳು ಕುಂದ್ರಾಕ? ಒಂದ ಪುಟ್ಟಿ ಕಾಯಿ ಬಿಡಸೂದ್ರಾಗ ಕೂಸು ಮೂರ ಸಲ ಎದ್ದಿರತೈತಿ. ಒಂದು ನೀರು ಅಂತೈತಿ, ಒಂದು ಉಚ್ಚಿ ಅಂತೈತಿ. ಬರಕೋ ಅದನ್ನ."

ಶ್ವೇತಾ ಬರೆದುಕೊಂಡಳು. ಮಕ್ಕಳು ಏಳುವರು. ನೀರು ಕೇಳುವರು. ಒಂದು ಮಗು ಮೂತ್ರಕ್ಕೆ ಹೋದರೆ ನಾಲ್ಕು ಮಕ್ಕಳು ಹೋಗುವರು. ಎಡಗಡೆ ಅದಕ್ಕೆ ತಾನೇನು ಮಾಡಬೇಕು ಎಂಬುದನ್ನು ಹೊಳೆಯುವವರೆಗೂ ಪೆನ್ನು ಕಚ್ಚಿಕೊಂಡು ಕೂತಿದ್ದು ಬರೆದಳು. ಬರೆದದ್ದನ್ನು ಹೊಡೆದು ಮತ್ತೆ ಬರೆದಳು. ಪುಸ್ತಕ ಮೊದಲಿಗಿಂತ ಕೊಳಕಾಯಿತು, ರೊಟ್ಟಿ ಬುಟ್ಟಿಯ ನೆರವಿಲ್ಲದೆಯೇ.

"ತಿನ್ನೂ ಸಾಮಾನ ಕೊಡು" ಎಂದಳು ಒಂದು ಸಂಜೆ ಪ್ರೇಮವ್ವ. "ಏನ್ ಕೊಟ್ರೂ ಬಾಯಿಗೇ ಹಾಕ್ಕೊಂತಾವಂದ್ರ, ಬಾಯಿಗೆ ಹಾಕ್ಕೊಳ್ಳೂದನ್ನ ಕೊಡು. ಅಂಗೈಯಷ್ಟ ಅಗಲದ್ದು ಸಣ್ಣ ಸಣ್ಣ ರೊಟ್ಟಿ ಬಡದು ಕೊಡ್ತೇನಿ. ಹತ್ತು ಎಣಸಾಕ, ಹದಿನಾಲ್ಕು ತಿನ್ನಾಕ."

"ಎಣಸೂ ಮದ್ಲ ಎಣಸೂದನ್ನ ತಿಂದುಬಿಟ್ರ?"

"ತಿಂದ್ರ ಎಷ್ಟ ಉಳದಾವ ಅಂತ ಕೇಳು. ಅದೂ ಲೆಕ್ಕನ ಅಲ್ಲೇನು?"

ಶ್ವೇತಾ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಇದನ್ನು ರಾಣೇಬೆನ್ನೂರಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಒಂದು ಮಾತು ಬಾಯಿಗೆ ಬಂದು ನಿಂತಿತು. ಹೇಳಿದರೆ ಜಗಳ, ಹೇಳದಿದ್ದರೆ ಮತ್ತೆ ಮಕ್ಕಳ ಕಣ್ಣು.

"ಅತ್ತಿ, ಆ ರೊಟ್ಟಿ ಬಡಿಯೂ ಕೈ..."

ಪ್ರೇಮವ್ವ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಕೆಂಪು ಕೂತಿತ್ತು. ಇಪ್ಪತ್ತೆಂಟು ವರ್ಷದ್ದು. ಮಡಿಲು ಝಾಡಿಸಿ ಎದ್ದಳು.

"ಎಂಟ ದಿನ ಐತಿ. ನಾನೂ ಮುಟ್ಟೂದಿಲ್ಲ."

ಡಾಕ್ಟರ ಮಾತಿಗೆ ಜಗ್ಗದ ಹೆಂಗಸು ಕಂಡರಿಯದ ಹದಿನಾಲ್ಕು ಮಕ್ಕಳಿಗಾಗಿ ರಾಶಿ ಬಿಟ್ಟು ಎದ್ದಳು. ಆದರೆ ಚೀಲಗಳೇನು ತಾವಾಗಿ ತುಂಬು ಬಿಡಿಸಿಕೊಳ್ಳುವುದಿಲ್ಲ. ಅಂಗಡಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕು.

"ನಾವು ಕೂಡ್ರೂನು" ಎಂದ ವಿರೂಪಾಕ್ಷಪ್ಪ.

"ನಾವಂದ್ರ ಯಾರು?" ಎಂದ ರುದ್ರಮುನಿ.

"ನಾನು, ನೀನು."

"ಅಪ್ಪಾ, ತುಂಬು ಬಿಡಸೂದು ಹೆಂಗಸರ ಕೆಲಸ. ಓಣ್ಯಾಗ ಮುಖ ಎತ್ತಿ ತಿರುಗೂದು ಬ್ಯಾಡೇನು?"

"ಮುಖ ಎತ್ತಬ್ಯಾಡ. ತಲಿ ಬಗ್ಗಿಸಿ ತುಂಬು ಬಿಡಸು."

ಎರಡನೆಯ ದಿನವೇ ಪಕ್ಕದ ಮನೆಯ ಫಕ್ಕೀರವ್ವ ಮಜ್ಜಿಗೆ ಕೇಳುವ ನೆವದಲ್ಲಿ ಬಂದು ಬಾಗಿಲಲ್ಲಿ ನಿಂತು ನಕ್ಕಳು. "ಪ್ರೇಮವ್ವ, ಹೊಸಾ ಆಳು ಹಚ್ಚೀದಿ ಏನ? ನಮ್ಮ ಮನೀಗೂ ಒಂದ ನಾಕ ದಿನ ಕಳಸು." ರುದ್ರಮುನಿ ಕಿವಿಯವರೆಗೂ ಕೆಂಪಾದ. ಅವನಿಗೆ ಒಂದು ಪುಟ್ಟಿಗೆ ಎರಡು ತಾಸು ಹಿಡಿಯುತ್ತಿತ್ತು. ಬೆರಳು ಉರಿಯಿತು, ಸೀನು ಬಂತು, ಮರೆತು ಮೂಗು ತಿಕ್ಕಿಕೊಂಡು ಅಂಗಳಕ್ಕೆ ಓಡಿದ. "ಇದನ್ನ ಇಷ್ಟ ವರ್ಷ ಹೆಂಗ ಮಾಡಿದ್ಯಾ ಯವ್ವಾ?" ಎಂದು ಕೇಳಿದ. ಪ್ರೇಮವ್ವ ಎಣ್ಣೆ ಬಟ್ಟಲು ಅವನ ಕಡೆ ಸರಿಸಿದಳು.

ಶುಕ್ರವಾರ ಕೋಳಿ ಕೂಗುವ ಮೊದಲೇ ರೊಟ್ಟಿಯ ಸದ್ದು ಕೇಳಿತು. ಇಪ್ಪತ್ತನಾಲ್ಕು ಸಾಲದೆಂದು ಪ್ರೇಮವ್ವ ಮೂವತ್ತು ಬಡಿದಿದ್ದಳು. "ಒಂದೆರಡು ನೆಲಕ್ಕ ಬೀಳ್ತಾವು. ಅದನ್ನೂ ಬರಕೊಂಡಿಲ್ಲೇನು?" ಎಂದಳು. ಶ್ವೇತಾ ಕದ್ದು ಒಂದು ತುಣುಕು ಮುರಿದು ನಾಲಿಗೆಗೆ ಹಚ್ಚಿ ನೋಡಿದಳು. ಜೋಳದ ರುಚಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ಬಸ್ಸಿನಲ್ಲಿ ಇನ್ನೆರಡು ಸಲ ಮುರಿದು ನೋಡಿದಳು.

ಶಿಶುವಿಹಾರದಲ್ಲಿ ಹದಿಮೂರು ಮಕ್ಕಳು ಚಾಪೆಯ ಮೇಲಿದ್ದವು. ಶ್ರೀದೇವಿ ಹೊಸ್ತಿಲಲ್ಲಿ, ಕೈ ಬೆನ್ನ ಹಿಂದೆ. ರಮಜಾನಬಿ ಮೂಲೆಯಲ್ಲಿ ಪುಸ್ತಕ ತೆರೆದು ಕೂತರು. ಬಲಗಡೆಯ ಕಾಲಂ ಪುಟದ ಅಂಚಿನವರೆಗೂ ತುಂಬಿದ್ದನ್ನು ನೋಡಿ ಕನ್ನಡಕ ಒರೆಸಿಕೊಂಡರು.

ಶ್ವೇತಾ ಶ್ರೀದೇವಿಯನ್ನು ಕರೆಯಲಿಲ್ಲ. ಚಾಪೆಯ ತುದಿಗೆ, ಹೊಸ್ತಿಲಿನ ಪಕ್ಕದಲ್ಲೇ ಕೂತಳು. ಬಲಗೈಯನ್ನು ಅಂಗೈ ಮೇಲಾಗಿ ಹೊಸ್ತಿಲ ಮೇಲಿಟ್ಟಳು. ಎಡಗೈಯಿಂದ ರೊಟ್ಟಿಗಳನ್ನು ಒಂದೊಂದಾಗಿ ಹರಡಿದಳು.

"ಒಂದು."

"ಒಂದು!" ಎಂದವು ಮಕ್ಕಳು.

ನಾಲ್ಕಕ್ಕೆ ಒಂದು ಮಗು ನೀರು ಅಂದಿತು. ನೀರಿನ ತಂಬಿಗೆ ಪಕ್ಕದಲ್ಲೇ ಇತ್ತು. ಐದಕ್ಕೆ ಒಬ್ಬ ರೊಟ್ಟಿ ಎತ್ತಿ ಬಾಯಿಗೆ ಹಾಕಿಕೊಂಡ. "ಈಗ ಎಷ್ಟು ಉಳದಾವು?" ಎಂದಳು. "ನಾಕು!" ಎಂದು ಎಲ್ಲಕ್ಕಿಂತ ಜೋರಾಗಿ ಕೂಗಿದವನು ತಿಂದವನೇ. ರಮಜಾನಬಿ ನಕ್ಕದ್ದು ಕೇಳಿಸಿತು. ಶ್ವೇತಾ ತಿರುಗಲಿಲ್ಲ. ಹೊಸ್ತಿಲ ಮೇಲಿನ ಅಂಗೈ ಬೆವರುತ್ತಿತ್ತು, ಜೋಮು ಹಿಡಿದಿತ್ತು. ತಿಂದದ್ದರ ಜಾಗಕ್ಕೆ ಇನ್ನೊಂದು ಇಟ್ಟು ಎಣಿಕೆ ಮುಂದುವರಿಸಿದಳು. ಏಳಾಯಿತು, ಎಂಟಾಯಿತು. ಅಂಗೈ ಖಾಲಿಯಾಗಿಯೇ ಇತ್ತು. ಯುಗಾದಿ, ಅಟ್ಟ, ರಾಶಿ ಎಲ್ಲ ಕಣ್ಣ ಮುಂದೆ ಬಂತು.

ಒಂಬತ್ತನೆಯ ರೊಟ್ಟಿ ಇಡುವಾಗ ಅಂಗೈಗೆ ಬಿಸಿ ಉಸಿರು ತಾಗಿತು. ಶ್ರೀದೇವಿ ಮೊಣಕಾಲೂರಿ, ಕೈ ಮಾತ್ರ ಬೆನ್ನ ಹಿಂದೆಯೇ ಇಟ್ಟುಕೊಂಡು, ಮೂಗು ಹಚ್ಚಿ ಮೂಸುತ್ತಿದ್ದಳು. ಒಂದು ಸಲ ಮೂಸಿದಳು. ಬೆರಳ ಸಂದಿಯಲ್ಲಿ ಇನ್ನೊಂದು ಸಲ.

"ಎಣ್ಣಿ ವಾಸ್ನಿ" ಎಂದಳು.

"ಹೂಂ, ಎಣ್ಣಿ."

"ಖಾರ ಇಲ್ಲಾ?"

"ಇಲ್ಲ ನೋಡು."

ಬೆನ್ನ ಹಿಂದಿನಿಂದ ಒಂದು ಸಣ್ಣ ಕೈ ಮೆಲ್ಲಗೆ ಮುಂದೆ ಬಂತು. ಶ್ವೇತಾಳ ಕೈ ಹಿಡಿಯಲಿಲ್ಲ. ಅದರ ಆಚೆ ಇದ್ದ ಹತ್ತನೆಯ ರೊಟ್ಟಿಯನ್ನು ತೆಗೆದುಕೊಂಡು ಸಾಲಿನ ಕೊನೆಗೆ ಇಟ್ಟಿತು. "ಹತ್ತು" ಎಂದು ಹೇಳಿ ಶ್ರೀದೇವಿ ಚಾಪೆಯ ಮೇಲೆ ಕೂತುಬಿಟ್ಟಳು. ಶ್ವೇತಾಳಿಗೆ ಮುಂದಿನ ಸಾಲು ಮರೆತುಹೋಯಿತು. ಪುಸ್ತಕದಲ್ಲಿ ಎಲ್ಲ ಬರೆದಿದ್ದಳು, ತಾನು ಅಳುತ್ತೇನೆ ಎಂಬುದನ್ನು ಬರೆದಿರಲಿಲ್ಲ.

ಸಂಜೆ ಮನೆ ಮುಟ್ಟಿದಾಗ ಪ್ರೇಮವ್ವ ಬಾಗಿಲಲ್ಲೇ ನಿಂತಿದ್ದಳು. ಸಹಿಯ ಮಾತು ಮೊದಲು ಕೇಳಲಿಲ್ಲ.

"ಕೂಸು ಬಂತೇನು?"

"ಬಂತ್ರಿ. ಮೂಸಿ ನೋಡಿ ಬಂತು."

"ತಿಂತೇನು?"

"ಎರಡ ತಿಂತು."

ಪ್ರೇಮವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಸಹಿ ಆದದ್ದನ್ನು ಶ್ವೇತಾ ಹಿಂದೆಯೇ ಹೋಗಿ ಹೇಳಬೇಕಾಯಿತು. ಪುಸ್ತಕ ಗೂಡಿನಲ್ಲಿಟ್ಟು, ಸೀರೆ ಬದಲಿಸಿ, ಎಂದಿನಂತೆ ಪಡಸಾಲೆಗೆ ಬಂದಳು. ಶುಕ್ರವಾರ ಮುಗಿದಿತ್ತು. ಮಾವನ ಪಕ್ಕದಲ್ಲಿ ಪುಟ್ಟಿ ಎಳೆದುಕೊಂಡು ರಾಶಿಗೆ ಕೈ ಚಾಚಿದಳು.

"ಏ, ಮುಟ್ಟಬ್ಯಾಡ!" ಅಡುಗೆಮನೆಯಿಂದ ಪ್ರೇಮವ್ವನ ಧ್ವನಿ ಬಂತು. "ಸೋಮವಾರ ಮತ್ತ ಆ ಕೂಸು ಕೈ ಮೂಸಿ ನೋಡೂದಿಲ್ಲೇನು?"

ಶ್ವೇತಾ ಚಾಚಿದ ಕೈ ಹಿಂದೆ ತೆಗೆದುಕೊಂಡಳು. ರುದ್ರಮುನಿ ನಿಟ್ಟುಸಿರು ಬಿಟ್ಟು, ಹೆಂಡತಿಯ ಮುಂದಿದ್ದ ಪುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.